ಆಸ್ಪತ್ರೆಯಲ್ಲಿ ಉಯ್ದ ನೀರು

ಮದ್ದೂರಿನ ನಮ್ಮ ಚರ್ಚಿನಲ್ಲಿ ಜ್ಞಾನಸ್ನಾನದ, ಅಂದರೆ ತಲೆಗೆ ನೀರುಯ್ದು ಸಭೆಗೆ ಸೇರಿಸಿಕೊಂಡವರ, ರಿಜಿಸ್ಟರು ನನ್ನ ಕೈಲಿದೆ. ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ ವಹಿಸಿಕೊಂಡದ್ದು. ಧರ್ಮಸಭೆಯ ಕಾನೂನಿನ ಪುಸ್ತಕವನ್ನೂ ಕೂತು ಓದಿದ್ದೇನೆ. ನಿಯಮ ಅಂದರೆ ಜನ ಮೂಗು ಮುರಿಯುತ್ತಾರೆ, ಮುರಿಯಲಿ. ಮದುವೆ ಮಾಡಿಸಿಕೊಳ್ಳಲು ಬಂದವರ ಹತ್ತಿರ ನಾನು ಮೊದಲು ಕೇಳುವುದೇ ಜ್ಞಾನಸ್ನಾನದ ಪತ್ರ.

ಹೋದ ವರ್ಷ ಕೊಪ್ಪದ ಕಡೆಯ ಒಬ್ಬ ತಾಯಿ ಮಗಳ ಮದುವೆಗೆಂದು ಆ ಪತ್ರ ಕೇಳಿಕೊಂಡು ಬಂದಳು. ರಿಜಿಸ್ಟರು ಪೂರ್ತಿ ಜಾಲಾಡಿದೆ. ಊಹೂಂ, ಹುಡುಗಿಯ ಹೆಸರೇ ಇಲ್ಲ.

"ಚರ್ಚಲ್ಲಿ ಆಗಿಲ್ಲ ಟೀಚರೇ, ಮಂಡ್ಯದ ಆಸ್ಪತ್ರೇಲಿ ಆಗಿದ್ದು," ಎಂದಳು.

ಏಳು ತಿಂಗಳಿಗೇ ಹುಟ್ಟಿದ ಕೂಸು. ಉಳಿಯೋದು ಕಷ್ಟ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಆಪರೇಷನ್ ಆಗಿ ಇವಳು ಏಳುವ ಹಾಗಿರಲಿಲ್ಲ, ಗಂಡ ಫಾದರನ್ನು ಕರೆತರಲು ಓಡಿದ್ದ. ಪಕ್ಕದ ಮಂಚದ ಬಾಣಂತಿಯ ಅತ್ತೆ, ದುದ್ದದ ಗೌಡರ ಮನೆಯಾಕೆ, ತಮ್ಮ ಕೂಸನ್ನು ನೋಡಲು ಎಳೆಗೂಸುಗಳ ಕೋಣೆಗೆ ಹೋಗಿ ಬಂದು ಮಾಡುತ್ತಿದ್ದಳು. ಇವಳು ಆಕೆಗೇ ಜ್ಞಾನಸ್ನಾನದ ಮಾತು ಹೇಳಿಕೊಟ್ಟು, "ತಲೆ ಮ್ಯಾಲೆ ನೀರುಯ್ದು ಇಷ್ಟು ಅಂದ್ಬುಡವ್ವಾ" ಎಂದು ಕಳಿಸಿದಳು. ಆಕೆ ಬಂದು "ಆಯ್ತು ಕಣವ್ವಾ" ಅಂದಳು. ಕೂಸು ಉಳಿಯಿತು. ಆಗಿನ ಫಾದರ್ ತಾಯಿಯ ಬಾಯಿಮಾತು ನಂಬಿ ಮುಂದಿನ ಸಂಸ್ಕಾರಗಳನ್ನೆಲ್ಲ ಕೊಟ್ಟರು, ಬರೆಯುವುದನ್ನು ಮಾತ್ರ ಮರೆತರು.

ಈಗಿನ ಫಾದರ್ ಚಿಕ್ಕ ವಯಸ್ಸಿನವರು. "ಆ ಅಜ್ಜಿ ಏನು ಹೇಳಿದರೋ, ಏನು ಬಿಟ್ಟರೋ ಯಾರಿಗೆ ಗೊತ್ತು? ಇನ್ನೊಂದು ಸಲ ಕೊಟ್ಟುಬಿಡೋಣ, ಐದು ನಿಮಿಷದ ಕೆಲಸ," ಎಂದರು.

ತಾಯಿ ಅಲ್ಲೇ ಅತ್ತುಬಿಟ್ಟಳು. "ಅಂಗಾರೆ ಇಷ್ಟು ವರ್ಸ ನನ್ ಮಗಳು ಏನಾಗಿದ್ಲು ಫಾದರ್?"

ನನಗೆ ರೇಗಿತು. ಕಡ್ಡಿ ಮುರಿದ ಹಾಗೆ ಹೇಳಿದೆ: "ಜ್ಞಾನಸ್ನಾನ ಜನ್ಮಕ್ಕೆ ಒಂದೇ ಸಲ, ಫಾದರ್. ಪ್ರಾಣ ಹೋಗೋ ಹೊತ್ತಲ್ಲಿ ಯಾರು ಬೇಕಾದರೂ ಕೊಡಬಹುದು, ಕ್ರೈಸ್ತರೇ ಆಗಬೇಕಿಲ್ಲ. ಚರ್ಚು ಮಾಡೋದನ್ನ ಮಾಡ್ತೀನಿ ಅನ್ನೋ ಮನಸ್ಸಿದ್ದು, ನೀರೂ ಮಾತೂ ಸರಿಯಿದ್ದರೆ ಆಯಿತು. ನಂಬಿಕಸ್ಥ ಸಾಕ್ಷಿ ಒಬ್ಬರೇ ಸಾಕು. ನಿಮಗೆ ಗೊತ್ತಿಲ್ಲದ್ದೇನಲ್ಲ."

ಅವರು ನಕ್ಕರು. "ಸರಿ ಟೀಚರೇ, ಸಾಕ್ಷಿ ಕೇಳೋಣ ನಡೀರಿ."

ಮೂವರೂ ಮಂಡ್ಯಕ್ಕೆ ಹೋಗಿ ದುದ್ದದ ಬಸ್ಸು ಹತ್ತಿದೆವು. ತಾಯಿ ದಾರಿಯುದ್ದಕ್ಕೂ ಜಪಸರ ಎಣಿಸುತ್ತಿದ್ದಳು. ಆವತ್ತು ಆ ಅಜ್ಜಿ ಏನೂ ಮಾಡದೆ, ಬಾಣಂತಿಯ ಸಮಾಧಾನಕ್ಕೆ "ಆಯ್ತು" ಅಂದಿದ್ದರೆ? ಇವಳ ಮನಸ್ಸಿನಲ್ಲಿದ್ದದ್ದು ಅದೇ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಇತ್ತು, ತೋರಿಸಿಕೊಳ್ಳಲಿಲ್ಲ ಅಷ್ಟೇ.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಯಾರೆಂದು ಹೇಳಿದ್ದೇ ತಡ, "ಅಯ್ಯೋ, ನೀನಾ ನನ್ನವ್ವಾ! ಕೂಸು ಎಂಗವ್ಳೆ?" ಎಂದು ಕೈ ಹಿಡಿದುಕೊಂಡಳು.

"ಮದ್ವೆ ಕಣವ್ವಾ ಅವಳ್ದು."

ಫಾದರ್ ಮೆಲ್ಲಗೆ ಕೇಳಿದರು. "ಆವತ್ತು ಏನಂದ್ರಿ ಅಜ್ಜಿ, ನೆನಪಿದೆಯಾ?"

"ನೆಪ್ಪಿಲ್ದೆ ಏನು? ಮರ್ತೋದಾತು ಅಂತ ಆ ಕ್ವಾಣೆ ಗಂಟ ಬಾಯಲ್ಲೇ ಏಳ್ಕೊಂಡೋದೆ." ಅವರೆಕಾಯಿ ಪಕ್ಕಕ್ಕಿಟ್ಟಳು. "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿಂಗೆ ಗ್ನಾನಸ್ನಾನ ಕೊಡ್ತೀನಿ. ಅಂಗಂತ ಮೂರ್ ಸಲ ನೆತ್ತಿ ಮ್ಯಾಲೆ ನೀರುಯ್ದೆ."

ಬೇಕಾದ ಮಾತು ಒಂದೂ ಬಿಟ್ಟಿರಲಿಲ್ಲ. ತಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನು ಫಾದರ್ ಕಡೆ 'ಹೆಂಗೆ?' ಅನ್ನುವ ಹಾಗೆ ನೋಡಿದೆ. ಗೆದ್ದ ಜಂಬ, ಯಾಕೆ ಸುಳ್ಳು ಹೇಳಲಿ.

ಹೇಳಿಕೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಹೋದರೆ ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ಒಂದ್ ತಪ್ ಮಾಡ್ಬುಟ್ಟಿವ್ನಿ ಸಾಮಿ. ನಮ್ ಕೂಸೂ ಪಕ್ಕದಲ್ಲೇ ಮನ್ಗಿತ್ತು. ಅದ್ಕೂ ಅಂಗೇ ಅಂದು ಉಯ್ದೆ. ಒಂದಕ್ಕೆ ಉಯ್ದು ಇನ್ನೊಂದ್ನ ಬುಡಕಾಯ್ತದಾ? ನಿಮ್ದು ಉಳ್ಕತು. ನಮ್ದು ಸಂಜೀಕೆ ಓಗ್ಬುಡ್ತು."

ನನ್ನ ಜಂಬ ಅಲ್ಲಿಗೇ ಇಳಿಯಿತು. ಆ ಮಗು ತೀರಿಕೊಂಡದ್ದು ನಮ್ಮ ಜೊತೆ ಬಂದ ತಾಯಿಗೆ ಗೊತ್ತಿತ್ತು, ನೀರು ಉಯ್ದದ್ದು ಗೊತ್ತಿರಲಿಲ್ಲ.

"ತಪ್ಪಲ್ಲ ಅಜ್ಜಿ," ಎಂದೆ. "ಇವಳ ಮಗಳಿಗೆ ಏನಾಯಿತೋ ನಿಮ್ಮ ಮೊಮ್ಮಗುವಿಗೂ ಅದೇ ಆಗಿದೆ. ನಮ್ಮ ಕಾನೂನು ಇಬ್ಬರಿಗೂ ಒಂದೇ."

ಅಜ್ಜಿ ನನ್ನ ಮುಂದಿದ್ದ ಹಾಳೆಯನ್ನೇ ನೋಡಿದಳು. "ಅಂಗಾರೆ ಅವುನ್ನೂ ನಿಮ್ ಬುಕ್ಕಲ್ಲಿ ಬರೀತೀರಾ? ಎಸ್ರಿಡಕ್ಕೆ ಮುಂಚೇನೆ ಓಗ್ಬುಟ್ಟ. ಅವ್ನು ಉಟ್ಟಿದ್ದ ಅಂತ ಎಲ್ಲೂ ಬರ್ದಿಲ್ಲ ಕಣವ್ವಾ."

ಸೊಸೆ, ಆವತ್ತು ಪಕ್ಕದ ಮಂಚದಲ್ಲಿದ್ದ ಬಾಣಂತಿ, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಫಾದರ್ ಅವಳ ಕಡೆ ತಿರುಗಿ, "ಬರೆಯೋದಾ ತಾಯಿ?" ಎಂದರು.

ಅವಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ತಡವರಿಸದೆ ಒಂದು ಹೆಸರು ಹೇಳಿದಳು.

ಅಜ್ಜಿ ಗಕ್ಕನೆ ತಿರುಗಿದಳು. "ಎಸ್ರು ಯಾವಾಗ್ ಮಡ್ಗಿದ್ಯೇ ನೀನು?"

"ಒಟ್ಟೇಲಿದ್ದಾಗ್ಲೇ ಮಡ್ಗಿದ್ದೆ ಕಣತ್ತೆ. ಯಾರೂ ಕೇಳ್ಲಿಲ್ಲ."