ಒಲೆ ಹಚ್ಚದ ದಿನದ ಅಕ್ರೋಟು

ಮೊನ್ನೆ ಚಿಂತಾಮಣಿಯ ಅಂಗಡಿಯೊಂದರಲ್ಲಿ ಚಿಪ್ಪಿನ ಸಮೇತ ಅಕ್ರೋಟು ಕಂಡು ಕೈಗೆತ್ತಿಕೊಂಡೆ. ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮ, ನಾವೆಲ್ಲ ಖಾಲಾ ಎನ್ನುತ್ತಿದ್ದವರು, ನೆನಪಾದರು...

ಎಂಬತ್ತರ ದಶಕ. ಅವರ ಹಿತ್ತಲಲ್ಲಿ ನಾಡು ಅಕ್ರೋಟಿನ ಮರವಿತ್ತು. ಕಾಶ್ಮೀರದ ಜಾತಿಯಲ್ಲ, ನಮ್ಮ ಬಿಸಿಲಿಗೆ ಜಗ್ಗದ ಒರಟು ಮರ. ಬೀಜ ಹಸಿಯಾಗಿ ತಿಂದರೆ ವಾಂತಿ ಭೇದಿ, ಸುಟ್ಟರೆ ಗೋಡಂಬಿಯನ್ನೂ ಮೀರಿಸುವ ರುಚಿ. ಖಾಲಾ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯಿಸುವ ಒಲೆಯ ಬೂದಿಯಲ್ಲಿ ಬೆಳಗ್ಗೆ ಕಾಯಿ ಹೂತಿಟ್ಟು, ದಿನವಿಡೀ ಉರಿಯ ಕೆಳಗೆ ಸುಟ್ಟದ್ದನ್ನು ಸಂಜೆ ಬೂದಿ ಆರಿದ ಮೇಲೆ ಒಡೆದು ಹಂಚುತ್ತಿದ್ದರು. ನಾವೋ ಮಹಾ ಹೊಟ್ಟೆಬಾಕರು, ಕರೆಯುವ ಮೊದಲೇ ಹಾಜರು.

ಅವತ್ತು ಕಾಯಿ ಹೂತಿಟ್ಟು ಅವರು ನೆಂಟರ ಮನೆಗೆ ಹೋದರು. ಮಾರುಕಟ್ಟೆಯಿಂದ ಗೂಡು ಬರಲಿಲ್ಲ, ಅವರ ಯಜಮಾನರು ಒಲೆ ಹಚ್ಚಲಿಲ್ಲ. ಅದು ಗೊತ್ತಿಲ್ಲದೆ ಖಾಲಾ ಸಂಜೆ ಬಂದವರೇ ಕಾಯಿ ಒಡೆದು ಮೊದಲು ನನ್ನ ಪುಟ್ಟ ತಂಗಿಯ ಕೈಗಿಟ್ಟರು. ಉಳಿದವರ ಪಾಲು ಇನ್ನೂ ಅವರ ಸೆರಗಿನಲ್ಲೇ ಇತ್ತು.

ಸ್ವಲ್ಪ ಹೊತ್ತಿಗೇ ಅವಳಿಗೆ ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. ಕಣ್ಣು ಮೇಲಾಯಿತು. ಅಮ್ಮ ಚೀರಿದಳು. ಓಡಿ ಬಂದ ಖಾಲಾ ಗಂಡನ ಕಡೆ ತಿರುಗಿ, "ಯಾ ಅಲ್ಲಾ, ಇವತ್ತು ಒಲೆ ಹಚ್ಚಿರ್ಲಿಲ್ವಾ?" ಅಂದರು. ಅವರು ತಲೆ ತಗ್ಗಿಸಿದರು.

ಬೀದಿಯ ಜನ ಸೇರಿದರು. "ಆ ಮನೇಲಿ ಏನ್ ತಿನ್ಸಿದ್ರೋ ಏನೋ," ಎಂದ ಒಬ್ಬ. ಇನ್ನೊಬ್ಬ ಅದನ್ನೇ ಜೋರಾಗಿ ಹೇಳಿದ. ಖಾಲಾ ಸೆರಗಿನಲ್ಲಿ ಉಳಿದಿದ್ದ ಹಸಿ ಬೀಜಗಳನ್ನು ಎಲ್ಲರೆದುರು ಬಾಯಿಗೆ ಹಾಕಿಕೊಂಡು ಅಗಿದರು. "ವಿಷ ಆದ್ರೆ ನಂಗೂ ಆಗ್ಲಿ. ಜಟಕಾ ತರ್ಸಿ, ಬೇಗ!"

ಆಸ್ಪತ್ರೆಯ ಜಗಲಿಯಲ್ಲಿ ಅವರೂ ವಾಂತಿ ಮಾಡುತ್ತ ಕೂತರು. ನರ್ಸ್ ಬಂದರೆ, "ಮೊದ್ಲು ಮಗೂನ ನೋಡಮ್ಮ," ಎಂದು ಒಳಗೆ ಕಳಿಸುತ್ತಿದ್ದರು. ಬೆಳಗಾಗುವ ಹೊತ್ತಿಗೆ ತಂಗಿ ಕಣ್ಣು ಬಿಟ್ಟು ನೀರು ಕೇಳಿದಳು. ಅಮ್ಮ ಖಾಲಾರನ್ನು ತಬ್ಬಿಕೊಂಡು ಅತ್ತಳು.

ಅಮ್ಮ ಬೇಡವೆಂದರೂ ಖಾಲಾ ಆ ವಾರವೇ ಮರ ಕಡಿಸಿದರು. ಹಬ್ಬಕ್ಕೆ ಶೀರ್ ಖುರ್ಮಾ ಪಾಯಸ ತಂದರೂ ಅಮ್ಮನ ಕೈಗೆ ಕೊಟ್ಟು, "ಮಕ್ಕಳಿಗೆ ನೀವೇ ಕೊಡಿ," ಎಂದು ಹಿಂದೆ ಸರಿಯುತ್ತಿದ್ದರು. ಆ ಅಳುಕು ಕೊನೆಯವರೆಗೂ ಹೋಗಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ...

ಖಾಲಾ ಹೋದ ವರ್ಷ ತೀರಿಕೊಂಡರು. ವಿಷಯ ತಿಳಿಸಲು ತಂಗಿಗೆ ಫೋನು ಮಾಡಿದೆ. ಅವಳು ಅಂದಳು: "ನಂಗೆ ಮಕ್ಕಳಾದ್ಮೇಲೂ ಅವ್ರು ನನ್ನ ಕೈಗೆ ಒಂದು ಬಿಸ್ಕತ್ತೂ ಇಡ್ಲಿಲ್ಲ ಕಣೋ. ಒಂದ್ಸಲನಾದ್ರೂ ನಾನೇ ಅವ್ರ ಕೈಯಿಂದ ಕಿತ್ಕೊಂಡು ತಿನ್ಬೇಕಿತ್ತು."