ಬಲಗಡೆಯ ಎಸಳು

ರೇಣುಕಾ, ಆ ದಿನ ಬೀರಪ್ಪನ ಬಲಭುಜದ ಎಸಳು ಬೀಳದೇ ಹೋದದ್ದು ದೇವರ ಮಾತಲ್ಲ. ಅದನ್ನು ನಾನು ಅಂಟಿಸಿದ್ದೆ.

ಹೇಳಿಬಿಟ್ಟೆ. ಇಷ್ಟು ವರ್ಷ ಈ ಒಂದು ಮಾತನ್ನು ಮುಚ್ಚಿಡಲು ಎಷ್ಟೊಂದು ಮಾತಾಡಿದೆ ನಾನು — ಓಣಿಯ ಮಂದಿಯನ್ನೆಲ್ಲ ನಗಿಸಿದೆ, ನಿಮ್ಮನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಿರಿಯರಿಂದ ಕೇಳಿದ ಕಥೆಗಳನ್ನೆಲ್ಲ ಹೇಳಿದೆ, ಸತ್ತವರ ಮನೆಗೆ ಹೋಗಿ ಸಮಾಧಾನ ಹೇಳಿದೆ. ಇದೊಂದನ್ನು ಬಿಟ್ಟು. ಮಾತು ಬಲ್ಲ ಹೆಂಗಸು ಅಂತ ಊರು ಹೊಗಳಿದಾಗಲೆಲ್ಲ ಒಳಗೆ ಏನೋ — ಇರಲಿ. ನನ್ನ ಸಂಕಟ ಆಮೇಲೆ. ಮೊದಲು ನಿನ್ನದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ. ನಿನಗೆ ಗೊತ್ತಿರುವುದು ಅರ್ಧ.

ನಿನ್ನ ಡಿಗ್ರಿ ಮುಗಿದಿತ್ತು. ನಿನ್ನ ಜೊತೆಗೇ ನನ್ನ ಮಗ ಶಿವುನದೂ ಹೇಗೋ ಮುಗಿದಿತ್ತು. ಕಂಪ್ಯೂಟರ್ ಕಲಿತು ಕಂಪನಿಯ ಕೆಲಸ ಹಿಡಿಯಬೇಕು ಎನ್ನುವುದು ನಿನ್ನ ಹಟ. ನೀನು ಮಾಡಿದ್ದನ್ನೇ ಮಾಡುವುದು ಅವನ ಅಭ್ಯಾಸ. ಮಸಗುಪ್ಪಿಯ ನಮ್ಮ ಮನೆಯಿಂದ ಅದಕ್ಕೆ ಎರಡು ದಾರಿ ಇದ್ದವು. ಒಂದು ಗೋಕಾಕದ ಕ್ಲಾಸು: ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಹೊರಗೆ ನಗುವ ಹುಡುಗ ಹುಡುಗಿಯರ ದೊಡ್ಡ ಫೋಟೋ, ಅದರ ಕೆಳಗೆ ‘ನೌಕರಿ ಖಾತ್ರಿ’ ಎಂದು ಕೆಂಪು ಅಕ್ಷರ. ದಿನಾ ಬಸ್ಸಿಗೆ ಹೋಗಿ ಬರಬಹುದು. ಇನ್ನೊಂದು ಹುಕ್ಕೇರಿಯಲ್ಲಿ, ಎಣ್ಣೆ ಅಂಗಡಿಯ ಮೇಲಿನ ಎರಡು ಕೋಣೆ. ಒಬ್ಬ ಹೆಣ್ಣುಮಗಳು ನಡೆಸುತ್ತಿದ್ದಳು, ಎಲ್ಲರೂ ಅಕ್ಕೋರು ಅನ್ನುತ್ತಿದ್ದರು. ಅಲ್ಲಿಗಾದರೆ ನೀನು ಬೆಲ್ಲದ ಬಾಗೇವಾಡಿಯಲ್ಲಿ ನಿನ್ನ ಅವ್ವನ ತಂಗಿಯ ಮನೆಯಲ್ಲಿ ಉಳಿಯಬೇಕಿತ್ತು.

ನೀನು ಎರಡನ್ನೂ ಕಣ್ಣಾರೆ ನೋಡಿ ಬಂದೆ. ಕಟ್ಟೆಯ ಮೇಲೆ ಕುಳಿತು ನೀನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಗೋಕಾಕದವರು ಕುರ್ಚಿ ತೋರಿಸಿದರು, ಕಂಪ್ಯೂಟರ್ ತೋರಿಸಿದರು, ಚಹಾ ಕೊಟ್ಟರು. ಪಾಠ ಹೇಳುವವರು ಯಾರು ಎಂದು ಕೇಳಿದರೆ ಮತ್ತೊಮ್ಮೆ ಕುರ್ಚಿ ತೋರಿಸಿದರು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಫೋಟೋದಲ್ಲಿರುವ ಒಬ್ಬರ ಜೊತೆಯಾದರೂ ಮಾತಾಡಿಸಿ ಎಂದರೆ, ಅವರೆಲ್ಲ ಡ್ಯೂಟಿಯಲ್ಲಿದ್ದಾರೆ ಅಂದರಂತೆ. ಹುಕ್ಕೇರಿಯ ಅಕ್ಕೋರು ಯಾವ ಖಾತ್ರಿಯನ್ನೂ ಕೊಡಲಿಲ್ಲ. ಒಂದು ದಿನ ಕೂತು ನೋಡು, ಸೇರುವ ಮಾತು ಆಮೇಲೆ ಅಂದರು. ನೀನು ಬರೆದ ಪ್ರೋಗ್ರಾಮು ಕಂಪ್ಯೂಟರಿನಲ್ಲಿ ಓಡಲಿಲ್ಲ. ಮತ್ತೆ ಬರೆದೆ, ಮತ್ತೆ ಓಡಲಿಲ್ಲ. ಸರಿಮಾಡಿ ಕೊಡಿರಿ ಎಂದು ಗೋಗರೆದರೂ ಅವರು ಕೈ ಹಚ್ಚಲಿಲ್ಲ.

“‘ತಪ್ಪು ಎಲ್ಲೈತಿ, ನೀನ ಹುಡುಕು’ ಅಂದ್ರ ದೊಡ್ಡವ್ವ,” ಅಂದೆ ನೀನು. “ಹೊತ್ತ ಮುಳಗೂದ್ರಾಗ ಸಿಕ್ತು. ಒಂದ ಚುಕ್ಕಿ. ಬರೇ ಒಂದ ಚುಕ್ಕಿ ಬಿಟ್ಟಿದ್ದೆ.”

ಆಗ ನಿನ್ನ ಮುಖ — ಅದನ್ನು ಹೇಗೆ ಹೇಳಲಿ. ದಿನವಿಡೀ ಕಳೆದಿದ್ದ ಮರಿ ಸಂಜೆಗೆ ಹಿಂಡಿನಲ್ಲಿ ಕಂಡಾಗ ನಮ್ಮ ಕುರುಬರ ಮುಖ ಆಗುತ್ತದಲ್ಲ, ಹಾಗಿತ್ತು. ನಾನು ಅದನ್ನು ಚೆನ್ನಾಗಿ ನೋಡಿದೆ. ನೋಡಲಿಲ್ಲ ಎಂದು ಹೇಳುವಂತಿಲ್ಲ.

ಆದರೆ ಶಿವು ಒಬ್ಬನೇ ಎಲ್ಲಿಗೂ ಹೋಗುವವನಲ್ಲ. ಸಾಲಿಯಲ್ಲಿ ನಿನ್ನ ಹಿಂದಿನ ಬೆಂಚಿನಲ್ಲಿ ಕೂತೇ ಪಾಸಾದವನು. ಬಾಗೇವಾಡಿಯವರು ನಿನ್ನ ಅವ್ವನ ಕಡೆಯವರು, ಅವನನ್ನು ಅಲ್ಲಿ ಇಡುವ ಹಾಗಿರಲಿಲ್ಲ. ನೀನು ಹುಕ್ಕೇರಿಗೆ ಹೋದರೆ ಅವನು ಮನೆಯಲ್ಲೇ ಉಳಿಯುತ್ತಾನೆ. ನೀನು ಗೋಕಾಕಕ್ಕೆ ಹೋದರೆ ಅವನೂ ಬಸ್ಸು ಹತ್ತುತ್ತಾನೆ, ತಿಳಿಯದ್ದನ್ನು ನೀನು ದಾರಿಯಲ್ಲಿ ತಿಳಿಸಿಕೊಡುತ್ತೀ… ಇಷ್ಟೇ ನನ್ನ ಲೆಕ್ಕ. ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು ಅಂದಿದ್ದರೆ ಹೇಳುವುದು ಹಗುರಾಗುತ್ತಿತ್ತೇನೋ. ಕಿಚ್ಚಿರಲಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಎತ್ತಿ ಆಡಿಸಿದ ಹುಡುಗಿಯನ್ನೇ ನನ್ನ ಮಗನಿಗೆ ಊರುಗೋಲು ಮಾಡಿದೆ.

ಮನೆಯಲ್ಲಿ ಮಾತು ಬೆಳೆಯಿತು. ನಿನ್ನ ಅಪ್ಪ ಹುಕ್ಕೇರಿ ಅಂದ. ಅವನ ಅಣ್ಣ, ನಮ್ಮವರು, ಗೋಕಾಕ ಅಂದರು. ಹೆಣ್ಣುಮಗಳು ಕಣ್ಣ ಮುಂದೆ ಇರಲಿ ಎನ್ನುವುದು ಅವರ ವಾದ. ಅಣ್ಣ ತಮ್ಮ ಒಂದೇ ಪಡಸಾಲೆಯಲ್ಲಿ ಕೂತು ಒಬ್ಬರಿಗೊಬ್ಬರು ಬೆನ್ನು ಮಾಡಿ ಉಂಡರು. ಅದನ್ನು ನೋಡಲಾರದೆ ನಿನ್ನ ಅಜ್ಜಿ, ನಮ್ಮ ಆಯಿ, ಬೀರಪ್ಪನಿಗೆ ಹೂ ಏರಿಸಿ ಕೇಳೋಣ ಅಂದಳು.

“ದೇವರಿಗೆ ಕಂಪ್ಯೂಟರ್ ಏನ್ ತಿಳಿತೈತಿ ಅವ್ವಾ,” ಅಂದರು ನಮ್ಮವರು.

“ನಿನಗರ ಏನ್ ತಿಳಿತೈತಿ?” ಅಂದಳು ಆಯಿ.

ಅಲ್ಲಿಗೆ ತೀರ್ಮಾನವಾಯಿತು.

ಹೊಲದ ದಂಡೆಯ ಬೇವಿನ ಕೆಳಗಿನ ನಮ್ಮ ಬೀರಪ್ಪನಿಗೆ ಹೂ ಏರಿಸುವುದು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಕೆಲಸ. ಆಯಿಯೇ ಕಲಿಸಿದ್ದಳು. ಒಂದೇ ಹೂವಿನ ಎರಡು ಎಸಳು ಕೀಳಬೇಕು. ಬಾವಿಯ ನೀರಿನಲ್ಲಿ ಅದ್ದಿ ಕಲ್ಲಿನ ಎರಡು ಭುಜಕ್ಕೆ ಒಂದೇ ಭಾರದಲ್ಲಿ ಒತ್ತಬೇಕು. ನೀರು ಆರುತ್ತ ಬಂದಂತೆ ಯಾವುದು ಮೊದಲು ಬೀಳುತ್ತದೋ ಅದೇ ಅವನ ಮಾತು. ಬೆರಳಿನಲ್ಲಿ ಆಸೆ ಇರಬಾರದು — ಇದನ್ನು ಆಯಿ ಒತ್ತಿ ಒತ್ತಿ ಹೇಳಿದ್ದಳು.

ಆ ಮುಂಜಾನೆ ಎಲ್ಲರೂ ಸುತ್ತ ನಿಂತಿದ್ದಿರಿ. ಬಲಕ್ಕೆ ಹುಕ್ಕೇರಿ, ಎಡಕ್ಕೆ ಗೋಕಾಕ ಎಂದು ಆಯಿ ದೇವರಿಗೆ ಕೇಳುವಂತೆ ಕೂಗಿದಳು. ಕಲ್ಲಿನ ಬುಡದಲ್ಲಿ ಭಂಡಾರದ, ದೇವರ ಅರಿಶಿನ ಪುಡಿಯ, ಬಟ್ಟಲು ಇತ್ತು. ಹಸಿ ಬೆರಳು ಅದಕ್ಕೆ ತಾಗಿತು — ನೋಡು, ತಾಗಿತು ಎಂದು ಬರೆದೆ. ತಾಗಿಸಿದೆ. ನೀರು ಕೂಡಿದ ಭಂಡಾರ ಎಷ್ಟು ಗಟ್ಟಿ ಹಿಡಿಯುತ್ತದೆಂದು ಅದನ್ನು ವರ್ಷಾನುಗಟ್ಟಲೆ ಹಚ್ಚಿದ ಕೈಗೆ ಗೊತ್ತು. ಹಳದಿ ಸೇವಂತಿಗೆಯ ಎಸಳು, ಹಿಂದೆ ಹಳದಿ ಭಂಡಾರ. ಯಾರಿಗೆ ಕಾಣಬೇಕು. ಒಂದು ಚುಕ್ಕಿಯಷ್ಟೇ ಇತ್ತು.

ಆಮೇಲೆ ಕಾಯುವುದು. ಬಿಸಿಲು ಬೇವಿನ ಎಲೆಯ ಸಂದಿಯಿಂದ ಇಳಿಯುತ್ತಿತ್ತು. ಮೇಕೆಯೊಂದು ಹೂವಿನ ಬುಟ್ಟಿಗೆ ಬಾಯಿ ಹಾಕಲು ಬಂದು ಶಿವುನಿಂದ ಬೈಸಿಕೊಂಡಿತು, ಯಾರೂ ನಗಲಿಲ್ಲ. ನಿನ್ನ ಕಣ್ಣು ಬಲಗಡೆಯ ಎಸಳನ್ನು ಬಿಟ್ಟು ಕದಲಲಿಲ್ಲ. ತುಟಿ ಅಲುಗುತ್ತಿತ್ತು. ಒಮ್ಮೆ ಗಾಳಿ ಬೀಸಿತು. ಬಲಗಡೆಯದು ನಡುಗಿತು, ತುದಿ ಮೇಲೆದ್ದಿತು. ನೀನು ಉಸಿರು ಹಿಡಿದೆ. ನಾನೂ ಹಿಡಿದೆ. ನಾವಿಬ್ಬರೂ ಒಂದೇ ಎಸಳನ್ನು ನೋಡುತ್ತಿದ್ದೆವು ರೇಣುಕಾ, ಬೀಳಲಿ ಎಂದು ನೀನು, ಬೀಳದಿರಲಿ ಎಂದು ನಾನು. ಆಗಲೂ ಹೊತ್ತು ಮೀರಿರಲಿಲ್ಲ. ಕೈ ತಪ್ಪಾತು ಆಯಿ, ಇನ್ನೊಮ್ಮೆ ಏರಿಸತೇನಿ ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ —

ಎಡಗಡೆಯದು ಬಿತ್ತು. ಸದ್ದೂ ಆಗಲಿಲ್ಲ.

ಆಯಿ ಭಂಡಾರ ತೂರಿದಳು. ಎಲ್ಲರಿಗಿಂತ ಮೊದಲು ಕಲ್ಲಿಗೆ ಹಣೆ ಹಚ್ಚಿದವಳು ನೀನು. ಎದ್ದಾಗ ಕಣ್ಣಲ್ಲಿ ನೀರಿತ್ತು, ಆದರೂ ನನ್ನ ಕಡೆ ತಿರುಗಿ ನಕ್ಕೆ.

“ಆತ ಬಿಡ ದೊಡ್ಡವ್ವ. ಅವ ಹೇಳಿದ್ದ ಖರೆ ಇರತೈತಿ.”

ನೀವೆಲ್ಲ ಮನೆಗೆ ಹೋದ ಮೇಲೆ ನಾನು ಬಲಗಡೆಯದನ್ನು ಉಗುರಿನಿಂದ ಕಿತ್ತೆ. ಅರ್ಧ ಹರಿದು ಕೈಗೆ ಬಂತು, ಅರ್ಧ ಕಲ್ಲಿಗೇ ಉಳಿಯಿತು.

ಮುಂದಿನದನ್ನು ನೀನು ಉಂಡವಳು. ಗೋಕಾಕದ ಕ್ಲಾಸಿನಲ್ಲಿ ಪಾಠ ಹೇಳುವವರು ಬದಲಾಗುತ್ತಲೇ ಹೋದರು, ಕೊನೆಗೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ವಿಡಿಯೋ ಬಿಟ್ಟು ಬಾಗಿಲು ಎಳೆದುಕೊಂಡು ಹೋಗುತ್ತಿದ್ದರಂತೆ. ಶಿವು ಕಬ್ಬು ಕಟಾವಿನ ಹೊತ್ತಿಗೆ ಬೇಸತ್ತು ಬಿಟ್ಟುಬಿಟ್ಟ. ಯಾರ ಸಲುವಾಗಿ ನಾನು ದೇವರ ಭುಜಕ್ಕೆ ಕೈ ಹಾಕಿದೆನೋ ಅವನು ಕಲ್ಲೋಳಿಯಲ್ಲಿ ಮೋಟಾರ್ ಸೈಕಲ್ ರಿಪೇರಿ ಕಲಿತು ಹಾಡಿಕೊಂಡು ಇದ್ದಾನೆ. ನೀನು ಬಿಡಲಿಲ್ಲ. ದೇವರು ಆರಿಸಿದ ಜಾಗ ಎಂದು ಒಬ್ಬಳೇ ಬಸ್ಸು ಹತ್ತಿದೆ. ಸರ್ಟಿಫಿಕೇಟು ತಂದೆ. ಕಂಪನಿಯವರ ಸಂದರ್ಶನಕ್ಕೆ ಹೋಗಿ ಬಂದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸಣ್ಣವಳಾಗಿ ಬಂದೆ. ಕೊನೆಯ ಸಲ ಬಂದು ಒಲೆಯ ಮುಂದೆ ಕೂತು, ಅವರು ಕೇಳಿದ್ದು ಸಾದಾ ಪ್ರಶ್ನೆ, ನನಗ ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ ಅಂದೆ. ಆಮೇಲೆ ನೀನೇ ಆ ಮಾತನ್ನು ಅಳಿಸಿದೆ.

“ಕ್ಲಾಸಿಂದೇನ್ ತಪ್ಪಿಲ್ಲ ಬಿಡ. ದೇವರ ಆರಿಸಿದ್ದು. ನನ್ನ ತಲಿನ ಅಷ್ಟ ಐತಿ.”

ನಾನು ರೊಟ್ಟಿ ತಟ್ಟುತ್ತಿದ್ದೆ. ತಟ್ಟುತ್ತಲೇ ಇದ್ದೆ. ಕ್ಲಾಸು ಕೆಟ್ಟದ್ದಾದದ್ದಕ್ಕಿಂತ ನನಗೆ ನಿದ್ದೆ ಕೆಡಿಸಿದ್ದು ಆ ಮಾತು. ತಪ್ಪು ಎಲ್ಲಿದೆ ಎಂದು ಹುಡುಕುವುದನ್ನು ಆ ಅಕ್ಕೋರು ಒಂದೇ ದಿನದಲ್ಲಿ ನಿನಗೆ ಕಲಿಸಿದ್ದರು. ಅದನ್ನು ನೀನು ಮರೆಯಲಿಲ್ಲ. ಹುಡುಕಿದೆ, ಹುಡುಕಿದೆ, ಎಲ್ಲಿಯೂ ಸಿಗದೆ ಕಡೆಗೆ ನಿನ್ನೊಳಗೇ ಇದೆ ಎಂದು ಒಪ್ಪಿಕೊಂಡೆ. ಈಗ ಮೂಡಲಗಿಯ ಒಂದು ಅಂಗಡಿಯಲ್ಲಿ ಮಂದಿಯ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬುತ್ತೀ. ಕೆಟ್ಟ ಕೆಲಸ ಅನ್ನುತ್ತಿಲ್ಲ. ಆದರೆ ಆ ಕಟ್ಟೆಯ ಮೇಲಿನ ಮುಖ ನಾನು ಮತ್ತೆ ಕಾಣಲಿಲ್ಲ.

ಇದನ್ನು ಸುಡುಗಾಡಿನವರೆಗೂ ಒಯ್ಯುತ್ತಿದ್ದೆನೋ ಏನೋ. ಆದರೆ ಈಗ ನಿನ್ನ ತಂಗಿ ಸವಿತಾಳ ಸರದಿ ಬಂತು. ಅದೇ ಆಸೆ. ಗೋಕಾಕದ ಕ್ಲಾಸಿನ ಹೆಸರು ಬದಲಾಗಿದೆ, ಗಾಜಿನ ಬಾಗಿಲು ಅದೇ. ಹುಕ್ಕೇರಿಯ ಎರಡು ಕೋಣೆ ಇನ್ನೂ ಇವೆ. ಅವಳು ನಿನ್ನನ್ನು ಕೇಳಿದಳು. ಅಂದು ಎರಡನ್ನೂ ನೋಡಿ ಬಂದಾಗ ನಿನ್ನ ಮನಸ್ಸು ಹೇಳಿದ್ದನ್ನು ಅವಳಿಗೆ ಹೇಳುವ ಧೈರ್ಯವೂ ನಿನಗೆ ಉಳಿದಿರಲಿಲ್ಲ. ನನ್ನ ಬುದ್ಧಿ ನಂಬಬ್ಯಾಡ, ಬೀರಪ್ಪನ್ನ ಕೇಳೋಣ ಅಂದೆ.

ಇವತ್ತು ಮುಂಜಾನೆ ಮತ್ತೆ ಬೇವಿನ ಕೆಳಗೆ ನಿಂತೆವು. ಆಯಿಗೆ ಈಗ ಕಣ್ಣು ಮಂಜು, ಕೋಲೂರಿ ಬಂದಿದ್ದಳು. ಬುಟ್ಟಿ ನನ್ನ ಮುಂದೆ ಹಿಡಿದವಳು ನೀನು.

“ಹೂ ಏರಸ ದೊಡ್ಡವ್ವ. ನಿನ್ನ ಕೈ ಸುಳ್ಳ ಹೇಳೂದಿಲ್ಲ.”

ಎಸಳು ಬೆರಳಿನಿಂದ ಜಾರಿತು. ಇನ್ನೊಂದು ತೆಗೆದೆ, ಅದೂ ಜಾರಿತು. ಕೈ ನಡುಗುವುದು ಎಲ್ಲರಿಗೂ ಕಂಡಿತು. ಆಗಲೇ ಹೇಳಬೇಕಿತ್ತು. ಬಗ್ಗಿ ಬಿದ್ದ ಎಸಳುಗಳನ್ನು ಆಯುತ್ತ ಆ ಹೊತ್ತನ್ನೂ ಕಳೆದೆ. ಕೈ ಬ್ಯಾನಿ ಆಗೈತಿ, ನಾಳೆ ಏರಿಸೋಣ ಎಂದು ನೀನೇ ಎಲ್ಲರನ್ನೂ ಕರೆದುಕೊಂಡು ಹೊರಟೆ. ಮನೆಗೆ ಬಂದು ನನ್ನ ಕೈಯನ್ನು ನಿನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದೆ. ಒಂದೊಂದೇ ಬೆರಳು. ಆ ಬೆರಳಿಗೆ ಬಂದಾಗ, ಇದ ಭಾಳ ನಡಗಾಕತ್ತೈತಿ ನೋಡ ಎಂದು ಮತ್ತಷ್ಟು ಮೆತ್ತಗೆ ತಿಕ್ಕಿದೆ.

ನಿನಗೊಬ್ಬಳಿಗೇ ಕಿವಿಯಲ್ಲಿ ಹೇಳಿ ಹಗುರಾಗಬಹುದಿತ್ತು. ಅದು ಸಾಲದು. ಸುಳ್ಳನ್ನು ಎಲ್ಲರ ಮುಂದೆ ಆಡಿದ್ದೇನೆ, ಎಲ್ಲರ ಮುಂದೆಯೇ ತೆಗೆಯಬೇಕು. ಈ ಕಾಗದ ಅದಾದ ಮೇಲೆಯೇ ನಿನ್ನ ಕೈಗೆ. ಆಯಿ ಇನ್ನು ನನ್ನನ್ನು ಆ ಕಲ್ಲು ಮುಟ್ಟಗೊಡಲಿಕ್ಕಿಲ್ಲ. ಅಣ್ಣ ತಮ್ಮಂದಿರು ಮತ್ತೆ ಬೆನ್ನು ಮಾಡಿ ಕೂರಬಹುದು. ತನ್ನ ಸಲುವಾಗಿ ಏನು ನಡೆಯಿತು ಎಂದು ಶಿವುನಿಗೂ ತಿಳಿಯುತ್ತದೆ. ಅವನದೇನೂ ತಪ್ಪಿಲ್ಲ, ಅವನ ಮೇಲೆ ಸಿಟ್ಟಾಗಬೇಡ. ನೀನು ನನ್ನನ್ನು ದೊಡ್ಡವ್ವ ಎಂದು ಕರೆಯುವುದನ್ನು ಬಿಟ್ಟರೆ… ಬಿಡು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನ ಗುಣ ನನಗೆ ಗೊತ್ತು.

ಸವಿತಾಳನ್ನು ನೀನೇ ಕೈ ಹಿಡಿದು ಎರಡೂ ಕಡೆ ಕರೆದುಕೊಂಡು ಹೋಗು. ಪಾಠ ಹೇಳುವವರು ಯಾರು ಎಂದು ಅಂದು ಕೇಳಿದ ಹಾಗೆಯೇ ಕೇಳು. ಅವಳನ್ನು ಒಂದು ದಿನ ಕೂರಿಸಿ ನೋಡು. ಅವತ್ತು ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತು. ನಿನಗೂ ಆ ಕೋಣೆಯಲ್ಲಿ ಕೂರುವ ಹೊತ್ತು ಇನ್ನೂ ಇದೆಯೋ ಏನೋ — ಅದನ್ನು ಹೇಳುವ ಬಾಯಿ ನನಗಿಲ್ಲ.

ನಾಳೆ ನೀನು ಹೂವಿನ ಬುಟ್ಟಿ ಚಾಚುತ್ತೀ. ನಾನು ಅದನ್ನು ಮುಟ್ಟುವುದಿಲ್ಲ. ಇವತ್ತು ನೀನು ಎಣ್ಣೆ ತಿಕ್ಕಿದ ಈ ಬೆರಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹೇಳುತ್ತೇನೆ:

“ತಪ್ಪು ನಿನ್ನ ತಲ್ಯಾಗ ಇರಲಿಲ್ಲ ರೇಣುಕಾ. ಇಲ್ಲಿತ್ತು.”