ಕಾಗೆಗೆ ಕೊಟ್ಟ ಮಾತು

ಅತ್ತಿಗೆ, ಅಂದು ನಂಜನಗೂಡಿನ ಪೇಟೆಯಲ್ಲಿ ನಾನು ಗುರುತಿಸಿದ ಹೆಣ ಅಣ್ಣನದಲ್ಲ. ಅದು ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ.

ಜವಳಿ ಅಂಗಡಿಗಳ ಮೇಲಿನ ಆ ಲಾಡ್ಜು ಸುಟ್ಟುಹೋದಾಗ ಅಣ್ಣ ಅಲ್ಲಿರಲೇ ಇಲ್ಲ. ಪೇಟೆಗೆ ಹೋದಾಗಲೆಲ್ಲ ಅಲ್ಲೇ ತಂಗುತ್ತಿದ್ದನಲ್ಲ, ಊರೆಲ್ಲ ಅವನು ಒಳಗೇ ಇದ್ದನೆಂದು ತಿಳಿದುಕೊಂಡಿತು. ಆದರೆ ಆ ಸಂಜೆಯೇ ಅವನು ಬಸ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬಳ ಜೊತೆ ನಿಂತಿದ್ದ. ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿ ನನ್ನ ಕೈಗಿಟ್ಟ. "ನಿಮ್ಮತ್ಗೆ ಕೈಗೆ ಕೊಟ್ಬುಡ್ಲಾ. ನಾನಿನ್ನು ಬರಾಕಿಲ್ಲ."

ಬೆಳಗಾದರೆ ಬೆಂಕಿಯ ಸುದ್ದಿ. ಪೊಲೀಸಿನವರು ಹೆಣದ ಮೇಲಿನ ಚಾಪೆ ಸರಿಸಿದಾಗ ಮುಖವೇ ಇರಲಿಲ್ಲ. ಅಣ್ಣ ಎತ್ತರದವನು, ಇವನು ಗಿಡ್ಡ. "ನಮ್ಮಣ್ಣನೇ ಸಾ" ಅಂದುಬಿಟ್ಟೆ. ಮನೆಯ ಮಾನ ಎಂದುಕೊಂಡೆ. ನಿಮ್ಮ ಹಣೆಯ ಕುಂಕುಮ ನೆನಪಾಗಲಿಲ್ಲ. ಉಡಿದಾರಕ್ಕೆ ಅಲ್ಲಿಯ ಬೂದಿಯನ್ನೇ ಸವರಿ ತಂದೆ. ನೀವು ಅದನ್ನು ಕೆನ್ನೆಗೊತ್ತಿಕೊಂಡಿರಿ.

ನರಸೀಪುರದ ಸಂಗಮದಲ್ಲಿ ಬೂದಿ ಬಿಟ್ಟು ಎಡೆ ಇಟ್ಟೆವು. ಕಾಗೆಗಳು ಸುತ್ತ ಕೂತವು, ಒಂದೂ ಮುಟ್ಟಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಮಾತು ಕೊಟ್ಟರು — "ಎಡ್ತಿನ ಚೆನ್ನಾಗಿ ನೋಡ್ಕತೀವಿ ಕಣಪ್ಪ, ಉಣ್ಣು." ಊಹೂಂ. ನಾನು ಮನಸ್ಸಿನಲ್ಲೇ ಅಂದೆ: ನೀನು ಯಾರೋ ತಿಳಿಯದು, ನಿನ್ನ ಮನೆಯವರನ್ನು ಹುಡುಕಿ ಹೇಳುತ್ತೇನೆ. ಅಷ್ಟು ಅಂದದ್ದೇ ತಡ, ಒಂದು ಕಾಗೆ ನನ್ನನ್ನೇ ನೋಡುತ್ತ ಬಂದು ಅನ್ನ ಕುಕ್ಕಿತು.

ಹುಡುಕಲಿಲ್ಲ. ಹುಡುಕಿದ್ದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. ಪ್ರತಿ ಮಹಾಲಯ ಅಮಾವಾಸ್ಯೆಗೂ ನೀವು ಅಣ್ಣನಿಗೆ ಇಷ್ಟವೆಂದು ಒಬ್ಬಟ್ಟು ಮಾಡಿ ಎಡೆಗಿಡುತ್ತೀರಿ, ನಾನು ಅದೇ ಮಾತು ಮತ್ತೆ ಕೊಡುತ್ತೇನೆ, ಆಮೇಲಷ್ಟೇ ಕಾಗೆ ಮುಟ್ಟುತ್ತದೆ. ಯಾರೋ ಏನೋ, ಇಷ್ಟು ವರ್ಷ ನನ್ನನ್ನು ನಂಬುತ್ತ ಬಂದ.

ಇವತ್ತು ನಂಬಲಿಲ್ಲ. ಕಾಗೆ ಬೆಳಗಿನಿಂದ ಕಾಂಪೌಂಡಿನ ಮೇಲೆ ಸುಮ್ಮನೆ ಕೂತಿದೆ. ಎಷ್ಟು ಸಲ ಮಾತು ಕೊಟ್ಟರೂ ಎಡೆಯ ಕಡೆ ತಿರುಗದೆ ನನ್ನನ್ನೇ ನೋಡುತ್ತಿದೆ. "ಅವ್ರಿಗೇನು ಬಾಕಿ ಉಳ್ದದೋ ಕೇಳಪ್ಪ" ಎಂದು ಹೇಳಿ ನೀವು ಒಳಗೆ ಹೋದಿರಿ. ಅದು ಮುಟ್ಟದೆ ನೀವು ಉಣ್ಣುವವರಲ್ಲ.

ಎಲ್ಲೋ ಆ ಸತ್ತವನ ಹೆಂಡತಿ ಕುಂಕುಮ ಇಟ್ಟುಕೊಂಡು ಬಾಗಿಲು ನೋಡುತ್ತಲೇ ಮುದುಕಿಯಾಗಿರಬೇಕು. ಗಂಡ ಸತ್ತರೂ ಅವಳ ಕುಂಕುಮ ಉಳಿಯಿತು, ಸಾಯದೆಯೇ ನಿಮ್ಮದು —

ಒಳಗೆ ಬರುತ್ತಿದ್ದೇನೆ ಅತ್ತಿಗೆ. ಇದನ್ನೆಲ್ಲ ನಿಮ್ಮ ಮುಂದೆ ಕೂತು ಬಾಯಿಬಿಟ್ಟು ಹೇಳುತ್ತೇನೆ. ನೀವು ಏನೇ ಅಂದರೂ, ನಾಳೆ ನಂಜನಗೂಡಿಗೆ ಹೋಗಿ ಅವನು ಯಾರ ಮನೆಯವನೆಂದು ಕೇಳಲು ಶುರುಮಾಡುತ್ತೇನೆ.